ಅಟ್ಟೂರು ಸೀಮೆಯ ತೋಟದ ಮನೆಗಳು: ಜನಜೀವನ ಮತ್ತು ಜಮೀನು ವ್ಯವಹಾರ

ಅಟ್ಟೂರು ಬೆಂಗಳೂರಿನ ಉತ್ತರಕ್ಕೆ, ಯಲಹಂಕ ಉಪನಗರದ ಮಗ್ಗುಲಲ್ಲೇ ಇರುವ ಊರು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳ ಪಟ್ಟಿಯಲ್ಲಿ ಇದು 3ನೇ ವಾರ್ಡಾಗಿತ್ತು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆ ಐದಾಗಿ ಒಡೆದಾಗ ಉತ್ತರ ನಗರ ಪಾಲಿಕೆಯ ಪಾಲಿಗೆ ಬಂತು. ಊರಿಗೊಂದು ಕೆರೆಯಿದೆ. ನೆರೆಯ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಜಾರಕಬಂಡೆ ಕಾವಲಿನ ಕಾಡೂ ದೂರವಿಲ್ಲ. ಇಲ್ಲಿಂದ ದೊಡ್ಡಬಳ್ಳಾಪುರ ರಸ್ತೆ ಹಿಡಿದರೆ ಸಿಂಗನಾಯಕನಹಳ್ಳಿ, ರಾಜಾನುಕುಂಟೆ; ಪಶ್ಚಿಮಕ್ಕೆ ತಿರುಗಿದರೆ ಹೆಸರಘಟ್ಟ; ಬಳ್ಳಾರಿ ರಸ್ತೆಯಲ್ಲಿ ಸಾಗಿದರೆ ದೇವನಹಳ್ಳಿ, ನಂದಿಬೆಟ್ಟ. ಈ ಲೇಖನದಲ್ಲಿ ಅಟ್ಟೂರು ಸೀಮೆ ಎಂದಿರುವುದು ಇಷ್ಟೂ ಹರವನ್ನು.

ಪೇಟೆಯಲ್ಲಿ ದುಡಿದು ವಾರದ ಕೊನೆಗೆ ಹಳ್ಳಿಯ ಮನೆಗೆ ಹೋಗುವ ಪದ್ಧತಿ ಜಗತ್ತಿನ ಹಲವೆಡೆ ಇದೆ. ಕೆನಡಾದಲ್ಲಿ ಸರೋವರದ ದಡದ ಮರದ ಮನೆ, ರಷ್ಯಾದಲ್ಲಿ ಡಾಚಾ, ಮಹಾರಾಷ್ಟ್ರದಲ್ಲಿ ಲೋಣಾವಳದ ಬಂಗಲೆ. ಬೆಂಗಳೂರಿನವರಿಗೆ ಅದು ತೋಟದ ಮನೆ, ಅಥವಾ ಎಲ್ಲರ ಬಾಯಲ್ಲೂ ಇರುವಂತೆ ಫಾರ್ಮ್‌ಹೌಸು. ಆದರೆ ಕೆನಡಾದ ಸರೋವರದ ಮನೆ ತಲೆಮಾರುಗಳ ಕಾಲ ಅದೇ ಮನೆಯಾಗಿ ಉಳಿಯಬಹುದು. ಇಲ್ಲಿ ಹಾಗಾಗುವುದು ಅಪರೂಪ. ಈ ಸೀಮೆಯಲ್ಲಿ ರಾಗಿ ಹೊಲ, ನೀಲಗಿರಿ ತೋಪು, ತೋಟದ ಮನೆ, ಬಡಾವಣೆ ಇವೆಲ್ಲ ಒಂದೇ ಸರ್ವೆ ನಂಬರು ಒಂದಾದ ಮೇಲೊಂದರಂತೆ ಹಾದುಹೋಗುವ ಹಂತಗಳು. ಅಟ್ಟೂರು ಆ ಹಂತಗಳನ್ನೆಲ್ಲ ದಾಟಿಯಾಗಿದೆ. ರಾಜಾನುಕುಂಟೆ ದಾಟುತ್ತಿದೆ. ಇನ್ನೂ ಉತ್ತರದ ಗೌರಿಬಿದನೂರು ಈಗಷ್ಟೇ ಶುರುಮಾಡಿದೆ.

ನೆಲ ಮತ್ತು ಹಿನ್ನೆಲೆ

ಇದು ಕೆಂಪು ಮಣ್ಣಿನ, ಮಳೆಯಾಶ್ರಯದ ನಾಡು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ರಾಗಿ, ಅವರೆ, ಹುರುಳಿ, ತೊಗರಿ ಹೊಲದ ಬೆಳೆಗಳು. ಕೆರೆಯ ಹಿಂದಿನ ಗದ್ದೆಯಲ್ಲಿ ಭತ್ತ, ಬಾವಿ ಇದ್ದವರಿಗೆ ತರಕಾರಿ, ಹಿಪ್ಪುನೇರಳೆ, ದ್ರಾಕ್ಷಿ. ದೇವನಹಳ್ಳಿ ಚಕ್ಕೋತ ಮತ್ತು ಬೆಂಗಳೂರು ನೀಲಿ ದ್ರಾಕ್ಷಿ ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಹಣ್ಣಿನ ಹೆಸರು ನೋಂದಣಿಯಾಗುವ ಹೊತ್ತಿಗೆ ಅದು ಬೆಳೆಯುತ್ತಿದ್ದ ಎಷ್ಟೋ ತೋಟಗಳು ವಿಮಾನ ನಿಲ್ದಾಣಕ್ಕೋ ಬಡಾವಣೆಗೋ ಹೋಗಿದ್ದವು ಎನ್ನುವುದು ನೋವಿನ ಸಂಗತಿ.

ಪೇಟೆ ಇತ್ತ ಬಂದದ್ದು ಮೊದಲು ಸರ್ಕಾರದ ಕೈ ಹಿಡಿದು. ವಾಯುಪಡೆಯ ನೆಲೆ, 1984ರಲ್ಲಿ ಕೆಲಸ ಆರಂಭಿಸಿದ ರೈಲು ಗಾಲಿ ಕಾರ್ಖಾನೆ, ಗಡಿ ಭದ್ರತಾ ಪಡೆಯ ತರಬೇತಿ ಕೇಂದ್ರ, ಹಾಲು ಮಹಾಮಂಡಳದ ಮದರ್ ಡೇರಿ, ಗೃಹ ಮಂಡಳಿ ಕಟ್ಟಿದ ಯಲಹಂಕ ಉಪನಗರ. ನೌಕರಿಯವರು ಬಂದ ಮೇಲೆ ಸುತ್ತಲಿನ ಹೊಲಗಳು 30x40ರ ಸೈಟುಗಳಾದವು. 2003ರಲ್ಲಿ ಹೆಬ್ಬಾಳದ ಮೇಲ್ಸೇತುವೆ ತೆರೆಯಿತು. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಸಂಚಾರ ಶುರುವಾಯಿತು. ಆಮೇಲೆ ಇಡೀ ಉತ್ತರ ದಿಕ್ಕಿನ ಜಮೀನಿನ ಲೆಕ್ಕಾಚಾರವೇ ಬದಲಾಯಿತು.

ತೋಟದ ಮನೆಗಳು ಬಂದ ಬಗೆ

ಪೇಟೆ ಬಿಟ್ಟು ಹೊರಗೆ ಮನೆ ಮಾಡುವ ಆಸೆ ಬೆಂಗಳೂರಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆಗೆ ನಂದಿಬೆಟ್ಟದ ಮೇಲೆ ಬಂಗಲೆ ಇಟ್ಟುಕೊಂಡಿದ್ದರು. 1882ರಲ್ಲಿ ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ ಆಂಗ್ಲೋ ಇಂಡಿಯನ್ನರು ವೈಟ್‌ಫೀಲ್ಡ್ ಕಟ್ಟಿಕೊಂಡರು. ಹಣ್ಣು ತರಕಾರಿ ಬೆಳೆದುಕೊಂಡು ಬಾಳಬೇಕೆಂಬುದು ಅವರ ಎಣಿಕೆ. ಕನಕಪುರ ರಸ್ತೆಯ ತಾತಗುಣಿಯಲ್ಲಿ ಚಿತ್ರಕಲಾವಿದ ಸ್ವೆತೋಸ್ಲಾವ್ ರೋರಿಕ್ ಮತ್ತು ನಟಿ ದೇವಿಕಾರಾಣಿ ದಂಪತಿ ಸುಮಾರು 470 ಎಕರೆಯ ಎಸ್ಟೇಟಿನಲ್ಲಿ ದಶಕಗಳ ಕಾಲ ಇದ್ದರು. 1993ರಲ್ಲಿ ಅವರು, 1994ರಲ್ಲಿ ಇವರು ತೀರಿಕೊಂಡ ಮೇಲೆ ಆ ಆಸ್ತಿಗಾಗಿ ನಡೆದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಎಸ್ಟೇಟನ್ನು ವಶಕ್ಕೆ ತೆಗೆದುಕೊಳ್ಳಲು ರಾಜ್ಯ ಸರ್ಕಾರ 1996ರಲ್ಲಿ ಮಾಡಿದ್ದ ಕಾನೂನನ್ನು 2011ರಲ್ಲಿ ಕೋರ್ಟು ಎತ್ತಿಹಿಡಿಯಿತು.

ಉತ್ತರದಲ್ಲಿ ಹೆಸರಘಟ್ಟದ ಸುತ್ತಲೇ ತೋಟದ ಮನೆಗಳು ಮೊದಲು ದಟ್ಟವಾದವು. ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಲ್ಲಿತ್ತು, ಹುಲ್ಲುಗಾವಲಿತ್ತು, ಕೆರೆಯಿತ್ತು. 1990ರಲ್ಲಿ ಪ್ರೊತಿಮಾ ಬೇಡಿ ಅಲ್ಲಿ ನೃತ್ಯಗ್ರಾಮ ಕಟ್ಟಿದರು. ಹಳ್ಳಿಗೆ ಬಂದು ಹಳ್ಳಿಯವರೇ ಆದವರೂ ಇದ್ದಾರೆ. ನಟಿ ಲೀಲಾವತಿ ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಯಲ್ಲಿ ನೆಲೆಸಿ ಕೃಷಿ ಮಾಡಿದರು, ಊರಿಗೆ ಆಸ್ಪತ್ರೆ ಕಟ್ಟಿಸಿಕೊಟ್ಟರು, 2023ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಆ ತೋಟದಲ್ಲೇ ಮಣ್ಣಾದರು. ಇಂಥ ಉದಾಹರಣೆಗಳು ಬೆರಳೆಣಿಕೆಯಷ್ಟು. ಆದರೂ ತೋಟದ ಮನೆ ಎಂದರೆ ಏನಾಗಬಹುದು ಎಂಬುದನ್ನು ಅವು ತೋರಿಸುತ್ತವೆ.

ಮಧ್ಯಮ ವರ್ಗದವರು ಈ ಮಾರುಕಟ್ಟೆಗೆ ಇಳಿದದ್ದು ಈಚೆಗೆ. ಅವರಿಗೆಂದೇ ಬಂದದ್ದು ‘ಮ್ಯಾನೇಜ್ಡ್ ಫಾರ್ಮ್’. ಕಂಪನಿ ಹತ್ತಿಪ್ಪತ್ತು ಎಕರೆ ಕೊಂಡು, ಸುತ್ತ ಬೇಲಿ ಹಾಕಿ, ನಡುವೆ ರಸ್ತೆ ಬಿಟ್ಟು, ಕೆಲವೇ ಗುಂಟೆಗಳ ತುಂಡುಗಳಾಗಿ ಮಾರುತ್ತದೆ. ಮಾವು, ಮಹಾಗನಿ, ಶ್ರೀಗಂಧ ನೆಟ್ಟು ನೋಡಿಕೊಳ್ಳುವ ಹೊಣೆ ತನ್ನದು ಎನ್ನುತ್ತದೆ. ಗುಂಟೆ ಎಂದರೆ 1,089 ಚದರಡಿ. 40 ಗುಂಟೆಗೆ ಒಂದು ಎಕರೆ. ಐದು ಗುಂಟೆಯ ಮಹಾಗನಿಯಿಂದ ಸಂಸಾರ ನಡೆಯುವುದಿಲ್ಲ ಎಂದು ಸೀಮೆಯ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಕೊಳ್ಳುವವರು ಅವನನ್ನು ಕೇಳುವುದಿಲ್ಲ.

ಕಾನೂನು

1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನು ತೆಗೆದುಹಾಕಿತು. ನಮೂನೆ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯಿಂದ ಜಮೀನು ಪಡೆದ ಗೇಣಿದಾರರು ಅದನ್ನು 15 ವರ್ಷ ಮಾರುವಂತಿರಲಿಲ್ಲ. ಅದೇ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಬೇಸಾಯಗಾರರಲ್ಲದವರನ್ನೂ, ಬೇಸಾಯದ ಹೊರಗೆ ನಿಗದಿತ ಮಿತಿಗಿಂತ ಹೆಚ್ಚು ಆದಾಯವಿದ್ದವರನ್ನೂ ಕೃಷಿ ಜಮೀನಿನಿಂದ ದೂರ ಇಟ್ಟಿದ್ದವು. ಆ ಮಿತಿ 2015ರಲ್ಲಿ 2 ಲಕ್ಷದಿಂದ 25 ಲಕ್ಷ ರೂಪಾಯಿಗೆ ಏರಿತು. 2020ರ ತಿದ್ದುಪಡಿಯಲ್ಲಿ ಎರಡೂ ಕಲಮುಗಳು ರದ್ದಾದವು. ಅಂದಿನಿಂದ ಪೇಟೆಯ ಯಾರು ಬೇಕಾದರೂ ನೇರವಾಗಿ ತಮ್ಮ ಹೆಸರಿನಲ್ಲೇ ಹೊಲ ಕೊಳ್ಳಬಹುದು. ಅದಕ್ಕೂ ಮುಂಚೆ ಊರಿನ ನಂಟರ ಹೆಸರಿನಲ್ಲಿ, ತಾತನ ಪಹಣಿ ತೋರಿಸಿ, ಜಿಪಿಎ, ಅಂದರೆ ಸಾಮಾನ್ಯ ಅಧಿಕಾರಪತ್ರ, ಬರೆಸಿಕೊಂಡು ನಡೆಯುತ್ತಿದ್ದ ವ್ಯವಹಾರ ಬಹಳ. ಜಿಪಿಎ ಕಾಗದದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಸ್ಪಷ್ಟವಾಗಿ ಹೇಳಿದೆ.

ಕೊಂಡ ಹೊಲದಲ್ಲಿ ಮನಸ್ಸಿಗೆ ಬಂದಂತೆ ಮನೆ ಕಟ್ಟಲಾಗದು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮು ರೈತ ತನ್ನ ಸ್ವಂತ ಬಳಕೆಗೆ ತೋಟದ ಮನೆ ಕಟ್ಟಿಕೊಳ್ಳಲು ಬಿಡುತ್ತದೆ. ಆದರೆ ಅದು ಹಿಡುವಳಿಯ ಶೇ. 10ನ್ನು ಮೀರಬಾರದು. ಅದಕ್ಕಿಂತ ಹೆಚ್ಚಿನದಕ್ಕೆ, ಬೇರೆ ಉದ್ದೇಶಕ್ಕೆ ಭೂಪರಿವರ್ತನೆ ಆಗಬೇಕು, ಅಂದರೆ ಡಿಸಿ ಕನ್ವರ್ಷನ್. ವಾರಾಂತ್ಯಕ್ಕೆ ಬಾಡಿಗೆ ಕೊಡುವ, ಈಜುಕೊಳವಿರುವ, ಮದುವೆ ಆರತಕ್ಷತೆ ನಡೆಸುವ ‘ತೋಟದ ಮನೆ’ ಕಾನೂನಿನ ಕಣ್ಣಲ್ಲಿ ತೋಟದ ಮನೆಯಲ್ಲ.

ಪಹಣಿಯಿಂದ ಕ್ರಯಪತ್ರದವರೆಗೆ

ಜಮೀನಿನ ಜಾತಕ ಇರುವುದು ಪಹಣಿಯಲ್ಲಿ. ಭೂಮಿ ಯೋಜನೆಯಡಿ 2000ದ ಆಸುಪಾಸಿನಲ್ಲಿ ರಾಜ್ಯದ ಪಹಣಿಗಳೆಲ್ಲ ಕಂಪ್ಯೂಟರಿಗೆ ಬಂದವು. ಒಂದು ಪುಟದ ಆ ಕಾಗದವನ್ನು ಓದುವ ಕಲೆ ಈ ಸೀಮೆಯಲ್ಲಿ ದಲ್ಲಾಳಿಗಳಿಗಷ್ಟೇ ಅಲ್ಲ, ಚಹಾ ಅಂಗಡಿಯವರಿಗೂ ಗೊತ್ತು. ಮೊದಲು ಸರ್ವೆ ನಂಬರು, ಹಿಸ್ಸಾ. ಮೂರನೇ ಕಾಲಮಿನಲ್ಲಿ ಒಟ್ಟು ವಿಸ್ತೀರ್ಣ. ಅದರಡಿ ಖರಾಬು ಎಷ್ಟೆಂದು ಇರುತ್ತದೆ. ‘ಅ’ ಖರಾಬು ಬೇಸಾಯಕ್ಕೆ ಬಾರದ ಕಲ್ಲುನೆಲ. ‘ಬ’ ಖರಾಬು ಸಾರ್ವಜನಿಕರದ್ದು: ದಾರಿ, ಹಳ್ಳ, ರಾಜಕಾಲುವೆ. ಬೇಲಿಯೊಳಗೆ ಸೇರಿಸಿಕೊಂಡ ಮಾತ್ರಕ್ಕೆ ಅದು ಕೊಂಡವನದಾಗುವುದಿಲ್ಲ. ಒಂಬತ್ತನೇ ಕಾಲಮಿನಲ್ಲಿ ಖಾತೆದಾರರ ಹೆಸರು, ಹತ್ತರಲ್ಲಿ ಅವರಿಗೆ ಅದು ಬಂದ ಬಗೆ, ಹನ್ನೊಂದರಲ್ಲಿ ಸಾಲ ಮತ್ತು ಇತರ ಹಕ್ಕು, ಹನ್ನೆರಡರಲ್ಲಿ ಬೆಳೆ. ಹನ್ನೊಂದರಲ್ಲಿ ಕೋರ್ಟಿನ ತಡೆಯಾಜ್ಞೆಯ ಸಾಲೊಂದು ಕಂಡರೆ ಅನುಭವಸ್ಥರು ಅಲ್ಲಿಗೇ ಕಾಗದ ಮಡಿಸುತ್ತಾರೆ.

ಪಹಣಿ ಸರಿಯಿದ್ದರೂ ಸಾಲದು. ಮ್ಯುಟೇಶನ್ ಪ್ರತಿಗಳು, ಋಣಭಾರ ಪ್ರಮಾಣಪತ್ರ, ಆಕಾರ್‌ಬಂದ್, ಟಿಪ್ಪಣಿ, ಗ್ರಾಮ ನಕಾಶೆ, ವಂಶವೃಕ್ಷ ಇವೆಲ್ಲ ನೋಡಬೇಕು. ಜಮೀನಿನ ಒಂದು ಭಾಗವನ್ನಷ್ಟೇ ಮಾರುವುದಾದರೆ 11ಇ ನಕ್ಷೆ ಬೇಕು. ಪೋಡಿ ಆಗದ, ಅಂದರೆ ಪಾಲುಗಳನ್ನು ಅಳೆದು ಬೇರೆ ಮಾಡದ ಜಮೀನಿನಲ್ಲಿ ಯಾರ ಪಾಲು ಎಲ್ಲಿದೆ ಎಂಬುದು ಬಾಯಿಮಾತು ಮಾತ್ರ. ಅಣ್ಣತಮ್ಮಂದಿರು ಅನ್ಯೋನ್ಯವಾಗಿರುವ ತನಕ ಆ ಮಾತು ನಡೆಯುತ್ತದೆ.

ವ್ಯವಹಾರ ಮುರಿದುಬೀಳುವುದು ಬಹುಪಾಲು ವಂಶವೃಕ್ಷದಲ್ಲಿ. ಕರ್ನಾಟಕ 1994ರ ಜುಲೈ 30ರಿಂದ ಜಾರಿಗೆ ಬರುವಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು, ಅದಾಗಲೇ ಮದುವೆಯಾಗಿದ್ದವರನ್ನು ಬಿಟ್ಟು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದಿತು. ಆದರೂ ‘ಅಕ್ಕತಂಗೀರು ಏನೂ ಅನ್ನಲ್ಲ ಬಿಡಿ ಸಾರ್, ಅರಿಶಿನ ಕುಂಕುಮಕ್ಕೆ ಒಂದಿಷ್ಟು ಕೊಟ್ಟರಾಯ್ತು’ ಎಂಬ ಮಾತಿನ ಮೇಲೆ ಎಷ್ಟೋ ಕ್ರಯಗಳು ನಡೆದುಹೋಗಿವೆ. ಹೊಲದ ಬೆಲೆ ಕೋಟಿ ಮುಟ್ಟಿದ ಮೇಲೆ ಅದೇ ಅಕ್ಕತಂಗಿಯರು ಪಾಲಿಗೆ ದಾವೆ ಹೂಡಿದರೆ ಊರು ಅವರನ್ನು ದುರಾಸೆಯವರೆಂದು ಜರೆಯುತ್ತದೆ. ಇದು ಅನ್ಯಾಯ. ಸಹಿ ಕೇಳದೆ ಮಾರಿದವರದ್ದೇ ತಪ್ಪು.

ಇನ್ನೊಂದು ಎಚ್ಚರ ಮಂಜೂರಾತಿ ಜಮೀನಿನದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಅನುಮತಿಯಿಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಕ್ರಯ ಊರ್ಜಿತವಲ್ಲ; ಭೂಮಿ ಮೂಲ ಕುಟುಂಬಕ್ಕೆ ಮರಳಬೇಕು. ಮರಳಿ ಕೇಳಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಖಚಿತಪಡಿಸಿತು. ದಲ್ಲಾಳಿಗಳು ಇದನ್ನು ‘ಪಿಟಿಸಿಎಲ್ ಪ್ರಾಬ್ಲಂ’ ಎನ್ನುತ್ತಾರೆ. ಬಡ ಕುಟುಂಬಕ್ಕೆ ಆ ಕಾಯ್ದೆಯೇ ಉಳಿದಿರುವ ಒಂದೇ ಆಸರೆ.

ಎಲ್ಲ ಕೂಡಿಬಂದರೆ ಟೋಕನ್, ಅಗ್ರಿಮೆಂಟು, ಕೊನೆಗೆ ಉಪನೋಂದಣಿ ಕಚೇರಿ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿಸಿದ ಮೇಲೆ ಮುದ್ರಾಂಕ, ಸೆಸ್ಸು ಸೇರಿ ಒಟ್ಟು ಖರ್ಚು ಶೇ. 7.6ರ ಹತ್ತಿರ ಬರುತ್ತದೆ.

ಬೆಲೆ ಏರುವ ರೀತಿ

ಬೆಲೆಗೆ ಮೂಲ ಮಣ್ಣಿನ ಗುಣವಲ್ಲ, ರಸ್ತೆ. ಮಾರುವವರು ದೂರವನ್ನು ಹೇಳುವುದು ಕಿಲೋಮೀಟರಿನಲ್ಲಲ್ಲ, ‘ಏರ್‌ಪೋರ್ಟಿಂದ ಇಷ್ಟು ನಿಮಿಷ’ ಎಂದು. ಹೊಸ ರಸ್ತೆಯ ಸುದ್ದಿ ಹುಟ್ಟಿದ ದಿನವೇ ದರ ಏರುತ್ತದೆ. ರಸ್ತೆ ಬರಲು ಹತ್ತು ಹದಿನೈದು ವರ್ಷವಾದರೂ ದರ ಇಳಿಯುವುದಿಲ್ಲ. ಈ ನಡುವಿನ ಕಾಲದಲ್ಲಿ ಬಹಳಷ್ಟು ಹೊಲಗಳು ಬೀಳು ಬಿದ್ದವು, ಇಲ್ಲವೇ ಕೂಲಿಯಾಳು ಬೇಡದ ನೀಲಗಿರಿಗೆ ಹೋದವು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಕಾದು ಕೂರುವವರ ಕೈಯಲ್ಲಿ ಭೂಮಿ ಇರುವ ತನಕ ಅದರಲ್ಲಿ ರಾಗಿ ಬೆಳೆಯುವುದಿಲ್ಲ ಎಂಬುದೇ ಈ ಮಾರುಕಟ್ಟೆಯ ದೊಡ್ಡ ನಷ್ಟ.

ಇನ್ನೊಂದು ಕಡೆ ಸರ್ಕಾರದ ಅಧಿಸೂಚನೆಯ ಭಯ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 2008ರ ಡಿಸೆಂಬರಿನಲ್ಲಿ ಡಾ. ಶಿವರಾಮ ಕಾರಂತ ಬಡಾವಣೆಗೆಂದು ಯಲಹಂಕದ ಸುತ್ತಿನ 17 ಹಳ್ಳಿಗಳಲ್ಲಿ 3,546 ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಆಮೇಲೆ ಹತ್ತು ವರ್ಷ ಕೋರ್ಟು, ಡಿನೋಟಿಫಿಕೇಶನ್, ಗೊಂದಲ. ಆ ಗೊಂದಲದಲ್ಲೇ ಜನ ಸೈಟು ಕೊಂಡರು, ಮನೆ ಕಟ್ಟಿದರು. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟು ಬಡಾವಣೆ ಮುಂದುವರಿಯಲಿ ಎಂದಿತು. ಅದಾಗಲೇ ಎದ್ದಿದ್ದ ಮನೆಗಳನ್ನು ಪರಿಶೀಲಿಸಲು 2020ರ ಕೊನೆಯಲ್ಲಿ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಸಮಿತಿ ಬಂತು.

ವಾರದ ಬದುಕು

ತೋಟದ ಮನೆಯಲ್ಲಿ ನಿಜವಾಗಿ ವಾಸ ಮಾಡುವುದು ಅದನ್ನು ಕಾಯುವ ಸಂಸಾರ. ಗೇಟಿನ ಪಕ್ಕದಲ್ಲಿ ತಗಡು ಹೊದಿಸಿದ ಒಂದು ಕೋಣೆ, ಹೊರಗೆ ಒಲೆ, ಒಂದೆರಡು ನಾಯಿ, ಕೋಳಿಗೂಡು. ರಾಯಚೂರು, ಯಾದಗಿರಿ, ಕೊಪ್ಪಳ ಕಡೆಯಿಂದ ಬಂದವರು ಬಹಳ. ಅಸ್ಸಾಂ, ಬಿಹಾರ, ನೇಪಾಳದವರೂ ಇದ್ದಾರೆ. ಗಂಡ ಮೋಟರು, ಹನಿ ನೀರಾವರಿ, ಬೇಲಿ ನೋಡಿಕೊಂಡರೆ ಹೆಂಡತಿ ಮನೆಯ ಕಸ ಮುಸುರೆ ನೋಡಿಕೊಳ್ಳುತ್ತಾಳೆ. ಸಂಬಳ ಮಾತ್ರ ಒಬ್ಬರ ಹೆಸರಿಗೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ವಿದ್ಯುತ್ ದಿನಕ್ಕೆ ಕೆಲವೇ ಗಂಟೆ, ಪಾಳಿಯ ಮೇಲೆ; ರಾತ್ರಿ ಪಾಳಿ ಬಂದರೆ ಎರಡು ಗಂಟೆಗೂ ಎದ್ದು ವಾಲ್ವು ತಿರುಗಿಸಬೇಕು. ಶುಕ್ರವಾರ ಸಂಜೆ ಫೋನು: ‘ನಾಳೆ ಹತ್ತು ಜನ ಬರ್ತೀವಪ್ಪ, ಟ್ಯಾಂಕು ತುಂಬಿಸಿಡು, ನಾಟಿ ಕೋಳಿ ಸಿಗುತ್ತಾ ನೋಡು.’ ಭಾನುವಾರ ಸಂಜೆ ಕಾರುಗಳು ಹೆಬ್ಬಾಳದ ಕಡೆ ಹೊರಟ ಮೇಲೆ ಅವರ ವಾರ ಮತ್ತೆ ಶುರು. ಅವರ ಮಕ್ಕಳ ಶಾಲೆ ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆ. ಒಡೆಯರು ಜಮೀನು ಮಾರಿದ ದಿನ ಆ ಮಕ್ಕಳಿಗೆ ಟಿ.ಸಿ. ಬರೆಸಬೇಕಾಗುತ್ತದೆ. ಕ್ರಯಪತ್ರದ ಯಾವ ಪುಟದಲ್ಲೂ ಈ ಸಂಸಾರದ ಹೆಸರಿರುವುದಿಲ್ಲ. ಈ ಸೀಮೆಯ ಬಗೆಗಿನ ಯಾವ ಬರಹದಲ್ಲಾದರೂ ಅದು ಇರಲೇಬೇಕು.

ಊರಿನವರ ದಿನಚರಿ ಬೇರೆ. ಬೆಳಗ್ಗೆ ಮತ್ತು ಸಂಜೆ ಡೇರಿಗೆ ಹಾಲು ಹಾಕುವುದು ಈಗಲೂ ಹಳ್ಳಿಯ ಗಡಿಯಾರ. ಜಮೀನು ಮಾರಿದ ಮನೆಗಳಲ್ಲೂ ಒಂದೆರಡು ಸೀಮೆಹಸು ಇರುತ್ತವೆ. ಮೇವು ಮಾತ್ರ ಹೊರಗಿನಿಂದ ಬರಬೇಕು. ಮಾರ್ಗಶಿರ, ಪುಷ್ಯದಲ್ಲಿ ಸೊಗಡಿನ ಅವರೆಕಾಯಿ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ. ಹಣ ಬಂದವರು ಮೊದಲು ಕಟ್ಟುವುದು ಬಾಡಿಗೆ ಮನೆಗಳನ್ನು. ಅಟ್ಟೂರಿನ ಒಳರಸ್ತೆಗಳಲ್ಲಿ ಕೆಳಗೆ ಒಡೆಯರು, ಮೇಲೆ ಮೂರು ಅಂತಸ್ತು ಬಾಡಿಗೆಯವರು ಇರುವ ಕಟ್ಟಡಗಳು ಹೀಗೆ ಎದ್ದವು. ಹೊಲದ ಹಣವನ್ನು ಕಟ್ಟಡಕ್ಕೆ ಹಾಕಿದವರು ಉಳಿದುಕೊಂಡರು. ಕಾರು, ಮದುವೆ, ಚುನಾವಣೆಗೆ ಹಾಕಿದವರು ತಾವು ಮಾರಿದ ಜಮೀನಿನಲ್ಲೇ ಕಾವಲು ಕೆಲಸಕ್ಕೆ ಸೇರಿದ ಉದಾಹರಣೆಗಳೂ ಇವೆ.

ನೀರು

ಹಿಂದೆ ಈ ಸೀಮೆಗೆ ನೀರು ಕೆರೆಯದು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಹೆಸರಘಟ್ಟ ಕೆರೆಗೆ ಬಂದು, 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲ ಕೊಳವೆ ನೀರು ಕೊಟ್ಟಿತು. ಈಗ ಎಲ್ಲದಕ್ಕೂ ಬೋರು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ತಾಲ್ಲೂಕುಗಳು ಅಂತರ್ಜಲ ಅತಿಯಾಗಿ ಬಳಕೆಯಾದ ಪಟ್ಟಿಯಲ್ಲಿವೆ. ಹೊಸ ಬೋರಿಗೆ ಅನುಮತಿ ಪಡೆಯಬೇಕು. ಜಮೀನು ಕೊಂಡವರು ಮೊದಲು ಕರೆಸುವುದು ನೀರಿನ ಪಾಯಿಂಟು ನೋಡುವವರನ್ನು. ಅವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಡೆಯುತ್ತಾರೆ. ಕಾಯಿ ಎದ್ದು ನಿಂತಲ್ಲಿ ಸುಣ್ಣದ ಗುರುತು. ರಿಗ್ಗು ಲಾರಿ ರಾತ್ರಿಯೇ ಬರುತ್ತದೆ. ಮೊದಲು ಕೆಂಪು ಮಣ್ಣು, ಅಷ್ಟರವರೆಗೆ ಕೇಸಿಂಗ್ ಪೈಪು. ಆಮೇಲೆ ಬಂಡೆ, ಬೂದು ಬಣ್ಣದ ಹುಡಿ ಸುತ್ತಲ ಗಿಡಗಳ ಮೇಲೆಲ್ಲ ಕೂರುತ್ತದೆ. ಆಳಕ್ಕೆ ಹೋದಂತೆ ಅಡಿಯ ದರ ಏರುತ್ತದೆ. ಸಾವಿರ ಅಡಿ ದಾಟಿದರೂ ಹುಡಿಯೇ ಹಾರುತ್ತಿದ್ದರೆ ನಿಲ್ಲಿಸುವುದೋ, ಇನ್ನೂ ಎರಡು ಪೈಪು ಇಳಿಸುವುದೋ ಎಂದು ಒಡೆಯ ಆ ಕ್ಷಣದಲ್ಲೇ ಹೇಳಬೇಕು. ಪೇಟೆಯವನಿಗೆ ಬೋರು ತಪ್ಪಿದರೆ ಒಂದು ವರ್ಷದ ಉಳಿತಾಯ ಹೋಯಿತು. ಹೊಸ ಬೋರಿನಿಂದ ಪಕ್ಕದ ಹೊಲದ ರೈತನ ಬೋರು ಬತ್ತಿದರೆ ಅವನ ಬೇಸಾಯವೇ ಹೋಯಿತು.

ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಹೆಬ್ಬಾಳ–ನಾಗವಾರ ಕಣಿವೆಯಿಂದ ದಿನಕ್ಕೆ 210 ದಶಲಕ್ಷ ಲೀಟರನ್ನು 65 ಕೆರೆಗಳಿಗೆ ಹರಿಸುವ ಯೋಜನೆಯಿಂದ ಚಿಕ್ಕಬಳ್ಳಾಪುರ ಮತ್ತು ಗ್ರಾಮಾಂತರ ಜಿಲ್ಲೆಯ ಕೆರೆಗಳಲ್ಲಿ ನೀರು ಕಂಡಿದೆ. ಅದರ ಶುದ್ಧತೆಯ ಬಗ್ಗೆ ರೈತರ ತಕರಾರೂ ಇದೆ. ಪೇಟೆ ಕಡೆಯಲ್ಲಿ ಸಮಸ್ಯೆ ತಿರುಗುಮುರುಗು. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ತುಂಬಿ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ದೋಣಿ ಇಳಿಸಬೇಕಾಯಿತು. 2024ರ ಅಕ್ಟೋಬರಿನಲ್ಲಿ ಮತ್ತೆ ಅದೇ ಆಯಿತು. ರಾಜಕಾಲುವೆ ನಕಾಶೆಯಲ್ಲಿದ್ದು ನೆಲದ ಮೇಲೆ ಇಲ್ಲವಾದರೆ ನೀರು ತನ್ನ ಹಳೆಯ ದಾರಿಯನ್ನೇ ಹುಡುಕುತ್ತದೆ.

ಮಾರದವರು

ಎಲ್ಲರೂ ಮಾರಲು ಕಾದಿದ್ದಾರೆ ಎಂಬುದು ಪೇಟೆಯ ಭ್ರಮೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ವಶಪಡಿಸಿಕೊಳ್ಳಲು ಸರ್ಕಾರ ಮುಂದಾದಾಗ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಮೂರು ವರ್ಷಕ್ಕೂ ಮಿಕ್ಕಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ತರಕಾರಿ, ಹೂ, ದ್ರಾಕ್ಷಿ, ರೇಷ್ಮೆ ಬೆಳೆದು ಇಂದಿಗೂ ಬಾಳಬಹುದೆಂದು ಆ ಹಳ್ಳಿಗಳು ತೋರಿಸಿಕೊಟ್ಟವು. ಬಲವಂತ ಬೇಡ ಎಂಬುದು ಅವರ ನಿಲುವು. ಅದೇ ಸರಿಯಾದ ನಿಲುವು.

ಗಡಿಯಾಚೆ

ದೇವನಹಳ್ಳಿ, ದೊಡ್ಡಬಳ್ಳಾಪುರದ ಬೆಲೆ ಕೈಗೆಟುಕದವರು ಈಗ ಗೌರಿಬಿದನೂರು ದಾಟಿ ಆಂಧ್ರದ ಹಿಂದೂಪುರ, ಲೇಪಾಕ್ಷಿ ಕಡೆ ಜಮೀನು ನೋಡುತ್ತಿದ್ದಾರೆ. ಅಲ್ಲಿ ಮತ್ತು ಪಕ್ಕದ ಮಡಕಶಿರಾ ಕಡೆ ಕನ್ನಡ ಮಾತಾಡುವ ರೈತರಿದ್ದಾರೆ, ಹೊಲದಲ್ಲಿ ಅದೇ ರಾಗಿ, ಅದೇ ಶೇಂಗಾ. ಮಾತುಕತೆ ಕನ್ನಡದಲ್ಲೇ ಮುಗಿಯುತ್ತದೆ. ಆದರೆ ಕಾಗದ ಬೇರೆ: ಪಹಣಿಯ ಜಾಗದಲ್ಲಿ ಅಡಂಗಲ್ ಮತ್ತು 1ಬಿ, ಖಾತೆಗೆ ಪಟ್ಟಾದಾರ್ ಪಾಸ್‌ಬುಕ್, ಗುಂಟೆಯ ಬದಲು ನೂರು ಸೆಂಟಿಗೆ ಒಂದು ಎಕರೆ. ಯಲಹಂಕದಲ್ಲಿ ಪಹಣಿ ಓದಲು ಕಲಿತವರು ಅಲ್ಲಿ ಮೊದಲಿನಿಂದ ಕಲಿಯಬೇಕು, ತೆಲುಗು ಓದಬಲ್ಲ ವಕೀಲರನ್ನು ಹಿಡಿಯಬೇಕು. ಅದಕ್ಕೂ ಮುಂಚೆ ಆ ಹಳ್ಳಿಯ ಬೋರುಗಳಲ್ಲಿ ಬೇಸಿಗೆಯಲ್ಲಿ ಎಷ್ಟು ನೀರು ಉಳಿಯುತ್ತದೆಂದು ಅಲ್ಲಿನ ರೈತರನ್ನೇ ಕೇಳಿ ತಿಳಿಯಬೇಕು.